ಹಿಮ ಕಾಣದ ಊರಿನಲ್ಲಿ ಹಿಮ ಬಿದ್ದರೆ

ಟೆಕ್ಸಾಸ್‌ನಲ್ಲಿರುವ ಮಗನ ಮನೆಗೋ ಮಗಳ ಬಾಣಂತನಕ್ಕೋ ಹೊರಟ ತಂದೆತಾಯಿಯರ ಸೂಟ್‌ಕೇಸಿನಲ್ಲಿ ಸಾರಿನ ಪುಡಿ, ಚಟ್ನಿಪುಡಿ, ಆರು ತಿಂಗಳಿಗಾಗುವ ಮಾತ್ರೆ ಎಲ್ಲ ಇರುತ್ತದೆ. ಉಣ್ಣೆಯ ಕಾಲುಚೀಲ, ಗಟ್ಟಿ ಅಟ್ಟೆಯ ಬೂಟು ಮಾತ್ರ ಇರುವುದಿಲ್ಲ. ‘ಅದು ನಮ್ಮ ರಾಯಚೂರಿನ ಹಾಗೆ ಸೆಕೆಯ ಸೀಮೆ, ಅಲ್ಲಿ ಹಿಮ ಎಲ್ಲಿಂದ ಬರಬೇಕು?’ ಎನ್ನುತ್ತಾರೆ. ವರ್ಷದ ಬಹುಪಾಲು ದಿನ ಈ ಮಾತು ನಿಜವೇ. ಸುಳ್ಳಾಗುವ ನಾಲ್ಕಾರು ದಿನಗಳ ಬಗ್ಗೆಯೇ ಈ ವಾರದ ಮಾತು.

2021ರ ಫೆಬ್ರವರಿಯಲ್ಲಿ ಡಲ್ಲಾಸ್ ನಗರದ ಉಷ್ಣತೆ ಶೂನ್ಯಕ್ಕಿಂತ 19 ಡಿಗ್ರಿ ಸೆಲ್ಸಿಯಸ್‌ನಷ್ಟು ಕೆಳಗಿಳಿಯಿತು. ಟೆಕ್ಸಾಸ್ ರಾಜ್ಯದಲ್ಲಿ 45 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ವಿದ್ಯುತ್ ನಿಂತಿತು. ನಲ್ಲಿಯ ಕೊಳವೆಗಳು ಹೆಪ್ಪುಗಟ್ಟಿ ಒಡೆದವು. ಸರ್ಕಾರಿ ಲೆಕ್ಕದ ಪ್ರಕಾರ ಸತ್ತವರು 246 ಮಂದಿ. ಅವರಲ್ಲಿ ಹೆಚ್ಚಿನವರು ಸತ್ತದ್ದು ರಸ್ತೆ ಅಪಘಾತದಿಂದಲ್ಲ, ಬರೀ ಚಳಿಯಿಂದ. ಎಷ್ಟೋ ಜನ ತಮ್ಮ ಮನೆಯೊಳಗೇ. ಇಷ್ಟೇ ಚಳಿ ಷಿಕಾಗೊ ನಗರಕ್ಕೆ ಬಂದಿದ್ದರೆ ಅದು ಸುದ್ದಿಯೂ ಆಗುತ್ತಿರಲಿಲ್ಲವೇನೋ. ಅಲ್ಲಿನ ಮನೆ, ಕೊಳವೆ, ರಸ್ತೆ, ಜನರ ಅಭ್ಯಾಸ ಎಲ್ಲವೂ ಚಳಿಗೆಂದೇ ಆಗಿವೆ. ಸೆಕೆಯ ಊರಿನಲ್ಲಿ ಇವು ಯಾವುವೂ ಇಲ್ಲ. ಜನರನ್ನು ಕೊಲ್ಲುವುದು ಚಳಿ ಎಷ್ಟು ಎಂಬುದಲ್ಲ, ಅದು ಎಷ್ಟು ಅಪರೂಪ ಎಂಬುದು.

ಮೊದಲು ರಸ್ತೆಯ ವಿಚಾರ. ಬಿಳಿಯ ಹಿಮವಾದರೆ ಕಣ್ಣಿಗೆ ಕಾಣುತ್ತದೆ. ಆದರೆ ತುಂತುರು ಮಳೆ ನೆಲ ಮುಟ್ಟಿದೊಡನೆ ಗಾಜಿನ ಪದರದಂತೆ ಹೆಪ್ಪುಗಟ್ಟಿದರೆ, ರಸ್ತೆ ಬರೀ ಒದ್ದೆಯಾದಂತೆ ತೋರುತ್ತದೆ. ಸೇತುವೆ ಮತ್ತು ಮೇಲುರಸ್ತೆಗಳ ಕೆಳಗೂ ತಣ್ಣನೆಯ ಗಾಳಿ ಬೀಸುವುದರಿಂದ ಅವು ಎಲ್ಲಕ್ಕಿಂತ ಮೊದಲು ಹೆಪ್ಪುಗಟ್ಟುತ್ತವೆ. ಅದೇ ತಿಂಗಳ 11ರಂದು ಫೋರ್ಟ್ ವರ್ತ್ ಬಳಿ ಬೆಳಗಿನ ಜಾವ 130ಕ್ಕೂ ಹೆಚ್ಚು ವಾಹನಗಳು ಒಂದರ ಮೇಲೊಂದು ನುಗ್ಗಿ ಆರು ಮಂದಿ ಸತ್ತರು. ನಾಲ್ಕು ಚಕ್ರಗಳಿಗೂ ಶಕ್ತಿ ಹೋಗುವ ದೊಡ್ಡ ಗಾಡಿ ಇದೆ ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಅಂಥ ಗಾಡಿ ಹೊರಡುವಾಗ ಜಾರದಿರಬಹುದು; ಬ್ರೇಕ್ ಒತ್ತಿದಾಗ ಎಲ್ಲ ಗಾಡಿಗಳೂ ಒಂದೇ.

ಆದ್ದರಿಂದ ಇಂಥ ದಿನ ಮನೆಯಲ್ಲೇ ಉಳಿಯುವುದಕ್ಕಿಂತ ಒಳ್ಳೆಯ ಚಿಕಿತ್ಸೆಯಿಲ್ಲ. ಒಂದಂಗುಲ ಹಿಮಕ್ಕೆ ಶಾಲೆ ಮುಚ್ಚುವ ದಕ್ಷಿಣದವರನ್ನು ಕಂಡು ಉತ್ತರ ಅಮೆರಿಕದವರು ನಗುವುದುಂಟು. ನನ್ನ ದೃಷ್ಟಿಯಲ್ಲಿ ಆ ನಗು ಅವಿವೇಕದ್ದು. ಭಾರೀ ಮಳೆಯೆಂದಾಗ ನಮ್ಮ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಡುತ್ತಾರೆ. ಅದನ್ನು ಯಾರೂ ಹೇಡಿತನ ಎನ್ನುವುದಿಲ್ಲ. ಆದರೆ ರಜೆಯನ್ನು ಹಿಂದಿನ ಸಂಜೆಯೇ ಸಾರಬೇಕು. 2014ರ ಜನವರಿ 28ರಂದು ಅಟ್ಲಾಂಟಾದಲ್ಲಿ ಬಿದ್ದದ್ದು ಸುಮಾರು ಎರಡಂಗುಲ ಹಿಮ. ಮಧ್ಯಾಹ್ನ ಹಿಮ ಬೀಳತೊಡಗಿದ ಮೇಲೆ ಕಚೇರಿ, ಶಾಲೆ ಎಲ್ಲವನ್ನೂ ಒಟ್ಟಿಗೇ ಬಿಟ್ಟರು. ಇಡೀ ನಗರ ಒಂದೇ ಹೊತ್ತಿಗೆ ರಸ್ತೆಗಿಳಿದು ಅಲ್ಲೇ ಸಿಕ್ಕಿಬಿತ್ತು. ಸಾವಿರಾರು ಮಕ್ಕಳು ಶಾಲೆಯಲ್ಲೇ ರಾತ್ರಿ ಕಳೆದರು. ಹಿಮ ಎರಡೇ ಅಂಗುಲ. ತಡವಾದ ನಿರ್ಧಾರ ಮಾಡಿದ ಹಾನಿ ಬೆಟ್ಟದಷ್ಟು.

ಇನ್ನು ಹಿರಿಯರಿಗೆ ಒಂದು ಮಾತು. ಜೀವಮಾನದಲ್ಲಿ ಮೊದಲ ಸಲ ಹಿಮ ಕಂಡಾಗ ಫೋಟೊ ತೆಗೆಸಿಕೊಳ್ಳುವ ಆಸೆ ಸಹಜ. ಸೀರೆಯುಟ್ಟು, ಹವಾಯಿ ಚಪ್ಪಲಿಯಲ್ಲಿ ಮೆಟ್ಟಿಲಿಳಿಯುವುದು ಮಾತ್ರ ಬೇಡ. ಎಪ್ಪತ್ತರ ವಯಸ್ಸಿನಲ್ಲಿ ಸೊಂಟದ ಕೀಲಿನ ಬಳಿ ಮೂಳೆ ಮುರಿದರೆ ಶಸ್ತ್ರಚಿಕಿತ್ಸೆ, ಆಮೇಲೆ ತಿಂಗಳುಗಟ್ಟಲೆ ಕಷ್ಟ. ಪರದೇಶದ ಆಸ್ಪತ್ರೆಯ ಬಿಲ್ಲಿನ ಮಾತು ಬೇರೆ. ಮಲೆನಾಡಿನವರಿಗೆ ನಡೆಯುವ ರೀತಿ ಹೇಳಿಕೊಡಬೇಕಾಗಿಲ್ಲ. ಆಷಾಢದಲ್ಲಿ ಪಾಚಿ ಕಟ್ಟಿದ ಅಂಗಳ ದಾಟುವಂತೆಯೇ ಇದೂ: ಚಿಕ್ಕ ಹೆಜ್ಜೆ, ಇಡೀ ಪಾದ ಊರಬೇಕು, ಮೊಣಕಾಲು ತುಸು ಬಗ್ಗಿರಬೇಕು, ಕೈಗಳು ಜೇಬಿನ ಹೊರಗಿರಬೇಕು. ಅಲ್ಲಿ ಅಂಗಳಕ್ಕೆ ಅಡಿಕೆ ದಬ್ಬೆ ಹಾಸುತ್ತೇವೆ, ಇಲ್ಲಿ ಮೆಟ್ಟಿಲಿಗೆ ಮರಳು ಚೆಲ್ಲಬೇಕು. ಬಿಸಿನೀರು ಸುರಿದರೆ ಕರಗೀತು ಎಂದು ಯಾರಿಗಾದರೂ ತೋಚುತ್ತದೆ. ಕರಗುತ್ತದೆ ನಿಜ, ಆದರೆ ಸ್ವಲ್ಪ ಹೊತ್ತಿಗೆ ಅದೇ ನೀರು ಮೊದಲಿಗಿಂತ ನುಣುಪಾಗಿ ಹೆಪ್ಪುಗಟ್ಟುತ್ತದೆ.

ವಿದ್ಯುತ್ ಹೋಗಿ ಮನೆ ತಣ್ಣಗಾದಾಗ ನಿಜವಾದ ಪರೀಕ್ಷೆ. ದೇಹದೊಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅಪಾಯ ಶುರು. ನಡುಕ, ತೊದಲು ಮಾತು, ಎಡವುವ ನಡಿಗೆ, ಮಂಕುತನ ಇದರ ಲಕ್ಷಣಗಳು. ತಣ್ಣಗಿರುವ ವ್ಯಕ್ತಿಯ ನಡುಕ ತಾನಾಗಿ ನಿಂತು ತೂಕಡಿಕೆ ಬಂದರೆ ‘ಈಗ ಪರವಾಗಿಲ್ಲ, ನಿದ್ದೆ ಹತ್ತಿತು’ ಎಂದುಕೊಳ್ಳಬೇಡಿ. ಅದು ತುರ್ತು ಸ್ಥಿತಿ, ಕೂಡಲೇ 911ಕ್ಕೆ ಫೋನು ಮಾಡಬೇಕು. ಮುದುಕರಲ್ಲಿ ನಡುಕವೇ ಸರಿಯಾಗಿ ಬಾರದಿರಬಹುದು. ಥೈರಾಯ್ಡ್ ಕೊರತೆಯಿರುವವರು, ನಿದ್ರೆ ಮಾತ್ರೆ ನುಂಗುವವರು ಇನ್ನೂ ಬೇಗ ತಣ್ಣಗಾಗುತ್ತಾರೆ. ಎಲ್ಲರೂ ಒಂದೇ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳಿ. ದಪ್ಪನೆಯ ಒಂದು ಬಟ್ಟೆಗಿಂತ ಸಡಿಲವಾದ ಮೂರು ಬಟ್ಟೆ ಮೇಲು, ಏಕೆಂದರೆ ನಡುವೆ ನಿಂತ ಗಾಳಿ ಶಾಖವನ್ನು ಕಾಯುತ್ತದೆ. ಎಚ್ಚರವಿರುವವರಿಗೆ ಸಿಹಿ ಹಾಕಿದ ಬಿಸಿ ಹಾಲು ಕೊಡಿ. ಬ್ರಾಂದಿ ಕೊಟ್ಟರೆ ಮೈ ಬಿಸಿಯಾಗುತ್ತದೆಂಬುದು ಭ್ರಮೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ, ಅಷ್ಟೆ.

ಸಕ್ಕರೆ ಕಾಯಿಲೆಯವರು ಮರಗಟ್ಟಿದ ಪಾದಕ್ಕೆ ಬಿಸಿನೀರಿನ ಚೀಲ ಇಟ್ಟುಕೊಳ್ಳಬಾರದು. ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಚೆನ್ನಾಗಿದ್ದರೂ ಎಸೆಯಬೇಕು. ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು ಸಲಿಕೆ ಹಿಡಿದು ಹಿಮ ಬಾಚಲು ಹೋಗಬಾರದು. ಚಳಿಗೆ ರಕ್ತನಾಳಗಳು ಮೊದಲೇ ಬಿಗಿದಿರುತ್ತವೆ.

ಎಲ್ಲಕ್ಕಿಂತ ದುಃಖದ ಸಾವು ಕಾಪಾಡಿಕೊಳ್ಳಲು ಹೋಗಿ ಆಗುವುದು. ಟೆಕ್ಸಾಸ್‌ನಲ್ಲಿ ಮನೆಯೊಳಗೆ ಇದ್ದಿಲ ಒಲೆ ಹೊತ್ತಿಸಿದವರು, ಜನರೇಟರ್ ಇಟ್ಟವರು, ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ ಬೆಚ್ಚಗೆ ಕುಳಿತವರು ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಲಿಯಾದರು. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇದನ್ನು 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಮನೆಮಂದಿಗೆಲ್ಲ ಒಟ್ಟಿಗೇ ತಲೆನೋವು, ವಾಕರಿಕೆ ಬಂದರೆ ಚಳಿಜ್ವರವೆಂದು ಮಲಗಬೇಡಿ. ಎಷ್ಟೇ ಚಳಿಯಿರಲಿ, ಮೊದಲು ಹೊರಗೆ ಬನ್ನಿ. ನಮ್ಮ ಬೆಂಗಳೂರಿನಲ್ಲಿ ಕಿಟಕಿ ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಾಕಿಕೊಂಡು ಸ್ನಾನಕ್ಕೆ ಹೋದವರ ಜೀವ ತೆಗೆದದ್ದೂ ಇದೇ ಅನಿಲ. ಇದಕ್ಕೆ ಹಿಮವೇ ಬೀಳಬೇಕೆಂದಿಲ್ಲ.

ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಅಲ್ಲಿಗೆ ಹೊರಟಿದ್ದೀರಾದರೆ ಚಟ್ನಿಪುಡಿಯ ಡಬ್ಬ ಒಂದು ಕಡಿಮೆ ಮಾಡಿ, ಆ ಜಾಗದಲ್ಲಿ ಉಣ್ಣೆಯ ಟೋಪಿ, ಕಾಲುಚೀಲ, ಒಂದು ಟಾರ್ಚ್ ಇಟ್ಟುಕೊಳ್ಳಿ. ಮುಂದಿನ ಸಲ ಫೋನು ಮಾಡಿದಾಗ ಊಟ ಆಯಿತೇ ಎಂದು ಕೇಳುವುದರ ಜೊತೆಗೆ, ಮನೆಯಲ್ಲಿ ಈ ಅನಿಲದ ಎಚ್ಚರಿಕೆ ಗಂಟೆ ಇದೆಯೇ, ಅದರ ಬ್ಯಾಟರಿ ಯಾವಾಗ ಬದಲಾಯಿಸಿದಿರಿ ಎಂದೂ ಮಕ್ಕಳನ್ನು ಕೇಳಿ.