ಗಾಜಿನ ಬಾಗಿಲಿನ ಹೊರಗೆ

ಕಳೆದ ಆಷಾಢದಲ್ಲಿ ನನ್ನ ಭಾವನವರನ್ನು ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ಸೇರಿಸಬೇಕಾಯಿತು. ಗಾಜಿನ ಬಾಗಿಲಿನ ಹೊರಗಿನ ಬೆಂಚಿನ ಮೇಲೆ 6 ರಾತ್ರಿಗಳನ್ನು ಕಳೆದೆನು. ಅದೇ ಬೆಂಚಿನಲ್ಲಿ ಬೆಸಗರಹಳ್ಳಿಯ ಒಂದು ಸಂಸಾರ ಕುಳಿತಿದ್ದಿತು: ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮದ್ದೂರು ತಾಲ್ಲೂಕಿನ ಈ ಊರು, ವೈದ್ಯರೂ ಕಥೆಗಾರರೂ ಆಗಿದ್ದ ಬೆಸಗರಹಳ್ಳಿ ರಾಮಣ್ಣನವರಿಂದ ಓದುಗರಿಗೆ ಪರಿಚಿತವೇ.

ಒಳಗೆ ಅವರ ತಂದೆ, 75ರ ವೃದ್ಧರು, ಉಸಿರಾಟದ ಯಂತ್ರದ ಆಶ್ರಯದಲ್ಲಿದ್ದರು. ಒಂದು ದಿನದ ಬಿಲ್ಲು ಆ ಮನೆಯ ತಿಂಗಳ ವೆಚ್ಚವನ್ನು ಮೀರಿಸುತ್ತಿದ್ದಿತು. ವೈದ್ಯರು ನನ್ನೊಡನೆ ಇಂಗ್ಲಿಷಿನಲ್ಲಿ ಹತ್ತು ನಿಮಿಷ ಮಾತನಾಡುವರು. ಹಿರಿಯ ಮಗನಿಗೆ ಹೇಳುವುದು ಎರಡೇ ಮಾತು.

ಅವರಲ್ಲಿ ಬಿ.ಪಿ.ಎಲ್. ಕಾರ್ಡು ಇದ್ದಿತು. 2018ರಲ್ಲಿ ಬಂದ ಆರೋಗ್ಯ ಕರ್ನಾಟಕ ಯೋಜನೆಯಂತೆ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಉಂಟು. ಆದರೆ ಆಸ್ಪತ್ರೆ ಯೋಜನೆಗೆ ಸೇರಿದ್ದಾಗಿರಬೇಕು. ಇದು ಸೇರಿರಲಿಲ್ಲ. ಮಂಡ್ಯದಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆಯಲ್ಲ ಎಂದೆ.

"ದೊಡ್ಡಾಸ್ಪತ್ರೆಗೆ ತೋರಿಸ್ನಿಲ್ಲ ಅಂತ ನಾಳೆ ನೆಂಟ್ರು ಆಡ್ಕೊಳಾಕಿಲ್ವಾ ಸ್ವಾಮಿ?" ಎಂದ ಹಿರಿಯ ಮಗ.

ಮೂರನೆಯ ದಿನ ಮಗಳ ಕಿವಿಯಲ್ಲಿ ಓಲೆ ಇರಲಿಲ್ಲ. ಐದನೆಯ ದಿನ, ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತೇವೆಂಬ ಕಾಗದಕ್ಕೆ ಅಣ್ಣತಮ್ಮಂದಿರು ಸಹಿ ಹಾಕಿದರು. "ಹಣಕ್ಕಾಗಿ ಹೆತ್ತ ತಂದೆಯನ್ನು ಕೈಬಿಟ್ಟರಲ್ಲ!" ಎಂದು ನನ್ನ ಅಕ್ಕ ಮರುಗಿದಳು. ನಾನೂ ಹಾಗೆಯೇ ಭಾವಿಸಿದ್ದೆ.

ಮಗಳ ಮಾತು ಬೇರೆ ಇದ್ದಿತು. "ಅವ್ವ ಹೋದಂಗೆ ನಡುಮನೇಲಿ ತುಳಸಿ ನೀರು ಕುಡ್ದು ಹೋಗ್ಬೇಕು ಅಂತಿದ್ರು ನಮ್ಮಪ್ಪ. ಮೊದಲ್ನೇ ದಿವ್ಸವೇ ಹೇಳ್ದೆ. ಯಾರೂ ಕೇಳ್ನಿಲ್ಲ. ದುಡ್ಡು ಮುಗುದ್ ಮೇಲೆ ಕೇಳುದ್ರು."

ಕೈಯಿಂದ ಒತ್ತುವ ಚೀಲದ ಉಸಿರಿನೊಂದಿಗೆ ವೃದ್ಧರು ಆಂಬುಲೆನ್ಸಿನಲ್ಲಿ ಊರಿಗೆ ಹೊರಟರು.

ನಮಗೆ ವಿಮೆ ಇದ್ದಿತು. ಆದ್ದರಿಂದ ಸಾಕೆನ್ನುವವರೇ ಇರಲಿಲ್ಲ. ಭಾವನವರು ಚೇತರಿಸಿಕೊಳ್ಳುವ ಆಸೆ ಇಲ್ಲವೆಂದು ವೈದ್ಯರು ಸೂಚಿಸಿದ ಮೇಲೂ ಅಮೆರಿಕದಿಂದ ಅವರ ಮಗ ದಿನಕ್ಕೆ ಮೂರು ಬಾರಿ ಫೋನು ಮಾಡಿ, "ಏನೂ ಕಡಿಮೆ ಮಾಡಬೇಡಿ ಮಾವ" ಎನ್ನುತ್ತಿದ್ದ. ದೂರವಿರುವವರ ಪ್ರೀತಿಗೆ ಧ್ವನಿ ಹೆಚ್ಚು! ಇಂಥ ಸ್ಥಿತಿಯಲ್ಲಿ ಯಂತ್ರ ಬೇಡವೆಂದು ಮೊದಲೇ ಬರೆದಿಡುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಎತ್ತಿಹಿಡಿಯಿತು, 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. 2025ರ ಜನವರಿಯಲ್ಲಿ ನಮ್ಮ ಸರ್ಕಾರವೂ ಅದರಂತೆ ಆದೇಶ ಹೊರಡಿಸಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆದರಾಯಿತು. ಬರೆದಿಡದಿದ್ದರೂ ಮನೆಯವರ ಒಪ್ಪಿಗೆಯ ಮೇಲೆ ಎರಡು ವೈದ್ಯಮಂಡಲಿಗಳು ನಿರ್ಣಯಿಸಬಹುದು. ಭಾವನವರು ಬರೆದಿರಲಿಲ್ಲ, ನಾವೂ ಕೇಳಲಿಲ್ಲ.

ಆರನೆಯ ರಾತ್ರಿ ಅವರು ತೀರಿಕೊಂಡಾಗ ನಾವೆಲ್ಲ ಬಾಗಿಲಿನ ಹೊರಗಿದ್ದೆವು. ಅಕ್ಕ ತಂದಿದ್ದ ಗಂಗಾಜಲದ ಗಿಂಡಿ ಚೀಲದಲ್ಲಿಯೇ ಉಳಿಯಿತು.

ತಿಂಗಳಾದ ಮೇಲೆ ಬೆಸಗರಹಳ್ಳಿಗೆ ಫೋನು ಮಾಡಿದೆ. ವೃದ್ಧರು ಮನೆಗೆ ಹೋದ ಮರುದಿನ ಮುಂಜಾನೆ, ನಡುಮನೆಯಲ್ಲಿಯೇ ಹೋದರಂತೆ. ಮಗಳ ಓಲೆ ಇನ್ನೂ ಗಿರವಿಯಲ್ಲಿದೆ.