ಮರಗೆಣಸಿನ ಎಲೆ ಕಲಿಸಿದ ಪಾಠ

ಗಣಕವಿಜ್ಞಾನದಲ್ಲಿ ಸ್ನಾತಕೋತ್ತರ ಸಂಶೋಧನೆ ಎಂದೊಡನೆ ನಮ್ಮ ತಂದೆತಾಯಂದಿರ ದೃಷ್ಟಿ ಅಮೆರಿಕದತ್ತ ಹರಿಯುವುದು ಸಹಜ. ಪೂರ್ವ ಆಫ್ರಿಕದ ಉಗಾಂಡ ದೇಶದ ಕಂಪಾಲಾ ನಗರದಲ್ಲಿ 1922ರಲ್ಲಿ ಸ್ಥಾಪಿತವಾದ ಮಕೆರೆರೆ ವಿಶ್ವವಿದ್ಯಾಲಯದತ್ತಲೂ ಒಮ್ಮೆ ನೋಡಬೇಕು.

ಮರಗೆಣಸು ಆ ನಾಡಿನ ಬಡವರ ಅನ್ನ. ಬಿಳಿನೊಣಗಳು ಹರಡುವ ಕಂದುಗೆರೆ ರೋಗ ತಗುಲಿದರೆ ಎಲೆಯ ಮೇಲಿನ ಗುರುತು ಎಷ್ಟೋ ವೇಳೆ ಸಾಮಾನ್ಯರ ಕಣ್ಣಿಗೆ ಬೀಳದು. ನೆಲದೊಳಗೆ ಗೆಡ್ಡೆ ಮಾತ್ರ ಕೊಳೆಯುತ್ತಿರುತ್ತದೆ. ಅಗೆದಾಗಲೇ ರೈತನಿಗೆ ನಷ್ಟದ ಅರಿವು.

ಅಲ್ಲಿನ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯದ ಪ್ರಾಧ್ಯಾಪಕರೂ ವಿದ್ಯಾರ್ಥಿಗಳೂ ಈ ಸಂಕಟವನ್ನೇ ಸಂಶೋಧನೆಯ ವಿಷಯವಾಗಿಸಿಕೊಂಡರು. ರೈತರು ಹೊಲದಲ್ಲಿ ತೆಗೆದ ಎಲೆಗಳ ಛಾಯಾಚಿತ್ರಗಳನ್ನು ಬೆಳೆತಜ್ಞರು ಪರೀಕ್ಷಿಸಿ, ಒಂದೊಂದಕ್ಕೂ ರೋಗದ ಹೆಸರು ಸೂಚಿಸಿದರು. ಅವುಗಳ ನೆರವಿನಿಂದ ಗಣಕಯಂತ್ರವು ರೋಗವನ್ನು ಗುರುತಿಸಲು ಕಲಿಯಿತು. ಇಂಥ 21,367 ಚಿತ್ರಗಳನ್ನು 2020ರಲ್ಲಿ ಜಗತ್ತಿನ ಸಂಶೋಧಕರ ಮುಂದೆ ಮುಕ್ತವಾಗಿ ಇರಿಸಲಾಯಿತು.

ಶರಣರು ಕಾಯಕದ ಫಲವನ್ನು ದಾಸೋಹಕ್ಕೆ ಸಲ್ಲಿಸಿದರು. ವಿದ್ಯೆಯ ಕಾಯಕಕ್ಕೂ ಅದೇ ನ್ಯಾಯ ಸಲ್ಲುತ್ತದೆ. ಸಂಶೋಧನೆಗೆ ಹೊರಟ ನಮ್ಮ ಮಕ್ಕಳನ್ನು ‘ಯಾವ ದೇಶಕ್ಕೆ ಹೋಗುವೆ?’ ಎಂದು ಕೇಳುವ ಮೊದಲು, ‘ಯಾರ ಕಷ್ಟ ಕಳೆಯಲು ಕಲಿಯುವೆ?’ ಎಂದು ಕೇಳೋಣ.