ವಿಚಾರಣೆಯ ತಾರೀಕು ಎಲ್ಲಿ?

ಅರಕೇರಿಯಲ್ಲಿ ಅಮೋಘಸಿದ್ಧನ ಜಾತ್ರೆಗೆ ತಾರೀಕು ಇದೆ. ಓಟಿಗೆ ತಾರೀಕು ಇದೆ. ಸಾಲದ ಕಂತಿಗೆ ತಾರೀಕು ಇದೆ. ಅಂಗವಿಕಲರ ಮೇಲ್ಮನವಿಯ ವಿಚಾರಣೆಗೆ ಮಾತ್ರ ತಾರೀಕು ಇಲ್ಲ! ಕೇಳಿದರೆ ಒಂದೇ ಮಾತು: "ಫೈಲು ಮ್ಯಾಲ ಹೋಗ್ಯದ, ಕಾಗದ ಬರ್ತದ, ನಡ್ರಿ."

ನಮ್ಮ ಕೇರಿಗಳಲ್ಲಿ ಎಷ್ಟೋ ಮಂದಿಯ ಕೈಕಾಲು ಹೋದದ್ದು ಕಲ್ಲು ಒಡೆಯುವಾಗ, ಬಾವಿ ತೋಡುವಾಗ, ಕಬ್ಬು ಕಡಿಯುವಾಗ. 2011ರ ಜನಗಣತಿಯಂತೆ ದೇಶದಲ್ಲಿ ನೂರಕ್ಕೆ 2.21 ಮಂದಿ ಅಂಗವಿಕಲರು. ಪರಿಶಿಷ್ಟ ಜಾತಿಗಳಲ್ಲಿ 2.45. ಇದು ಹಣೆಬರಹವಲ್ಲ, ದುಡಿಮೆಯ ಮತ್ತು ಹಸಿವಿನ ಲೆಕ್ಕ.

ಡಾಕ್ಟರು ನೋಡಿ ಶೇಕಡಾ 40 ಅಂತ ಬರೆದರೆ ಪಿಂಚಣಿಗೆ ದಾರಿ. 39 ಬರೆದರೆ ಬರಿಗೈ. ಅದು ತಪ್ಪೆನಿಸಿದರೆ ಮೇಲ್ಮನವಿ ಹಾಕುವ ಹಕ್ಕನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 59ನೇ ಕಲಂ ಕೊಟ್ಟಿದೆ. ರಾಜ್ಯದ ನಿಯಮಗಳು ಗಡುವು ಹಾಕಿದವು. ನಾವು ಆ ಗಡುವಿನೊಳಗೆ ಮನವಿ ಕೊಡಬೇಕು. ಅಧಿಕಾರಿ ನಮ್ಮ ಮಾತು ಕೇಳಿ ತೀರ್ಮಾನ ಕೊಡಬೇಕು. ನಮ್ಮ ಗಡುವು ತಪ್ಪಿದರೆ ಬಾಗಿಲು ಬಂದ್. ಅವರು ತಡ ಮಾಡಿದರೆ ಯಾರ ಸಂಬಳ ನಿಲ್ಲುತ್ತದೆ?

ಸಾಲದ್ದಕ್ಕೆ 2024ರ ಅಕ್ಟೋಬರದಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿತು. ಪ್ರಮಾಣಪತ್ರ ಕೊಡಲು ಇದ್ದ ಒಂದು ತಿಂಗಳನ್ನು ಮೂರು ತಿಂಗಳು ಮಾಡಿತು. ಎರಡು ವರ್ಷ ತೀರ್ಮಾನವಾಗದೆ ಬಿದ್ದ ಅರ್ಜಿ ಸತ್ತ ಹಾಗೆ. ಮತ್ತೆ ಹೊಸದಾಗಿ ಹಾಕಬೇಕು. ತಡ ಮಾಡುವವರು ಅವರು, ಸಾಯುವುದು ನಮ್ಮ ಅರ್ಜಿ! ಇದು ಯಾವೂರ ನ್ಯಾಯ?

"800 ರೂಪಾಯಿಗೆ ಇಷ್ಟು ಗದ್ದಲವೇ?" ಅನ್ನುವವರಿದ್ದಾರೆ. 2021ರಲ್ಲಿ ರಾಜ್ಯ ಸರ್ಕಾರ 600ರಿಂದ ಏರಿಸಿ ಕೊಟ್ಟದ್ದು ಆ 800. ಸಂಬಳದವರಿಗೆ ಅದು ಚಹಾ-ಫರಾಳದ ಖರ್ಚು. ಕಾಲಿಲ್ಲದ ಕೂಲಿಯವನಿಗೆ ಮನೆಯ ಜೋಳ. ಅವನು ವಿಜಯಪುರಕ್ಕೆ ಹೋಗಬೇಕಾದರೆ ಜೊತೆಗೆ ಇನ್ನೊಬ್ಬರು ಬೇಕು. ಅವರ ಆ ದಿನದ ಕೂಲಿಯೂ ಮುಳುಗಿತು. ಇಷ್ಟಾಗಿ ಸಿಗುವುದು "ಮುಂದಿನ ವಾರ ಬರ್ರಿ" ಅನ್ನುವ ಮಾತು.

ನಿರುದ್ಯೋಗ, ಮುಪ್ಪು, ಕಾಯಿಲೆ, ಅಂಗವೈಕಲ್ಯದಲ್ಲಿ ಸರ್ಕಾರ ನೆರವಾಗಬೇಕೆಂದು ಸಂವಿಧಾನದ 41ನೇ ವಿಧಿ ಹೇಳುತ್ತದೆ, ಆರ್ಥಿಕ ಶಕ್ತಿಯ ಮಿತಿಯೊಳಗೆ. ಸರಿ. ಆದರೆ ತಾರೀಕು ಕೊಡಲು ಯಾವ ಬೊಕ್ಕಸ ಬೇಕು? ಒಂದು ಪೋಸ್ಟ್ ಕಾರ್ಡು ಸಾಕು. ಅದನ್ನೂ ಬರೆಯದಿರುವುದು ಬಡತನವಲ್ಲ, ತಾತ್ಸಾರ. ವಿಚಾರಣೆ ಮಾಡದೆಯೇ ನಮ್ಮ ಮೇಲೆ ಕೊಡುವ ತೀರ್ಪು ಅದು.

ನಮ್ಮ ಹಕ್ಕೊತ್ತಾಯ:

1. ಮೇಲ್ಮನವಿ ಕೊಟ್ಟ ದಿನವೇ ಸ್ವೀಕೃತಿ ಮತ್ತು ವಿಚಾರಣೆಯ ತಾರೀಕು ಬರಹದಲ್ಲಿ ಕೊಡಬೇಕು.

2. ಎಷ್ಟು ಮೇಲ್ಮನವಿ ಬಾಕಿ, ಎಷ್ಟು ದಿನದಿಂದ ಬಾಕಿ ಎಂಬುದನ್ನು ಕಚೇರಿಯ ಬೋರ್ಡಿನ ಮೇಲೆ ಹಾಕಬೇಕು.

3. ತಿಕೋಟಾ, ಬಬಲೇಶ್ವರ ತಾಲೂಕು ಕೇಂದ್ರಗಳಲ್ಲೇ ವಿಚಾರಣೆ ನಡೆಸಬೇಕು.

4. ಗೆದ್ದವರಿಗೆ ಮೊದಲ ಅರ್ಜಿಯ ದಿನದಿಂದ ಬಾಕಿ ಹಣ ಕೊಡಬೇಕು.

ಬಂಧುಗಳೇ, ಸ್ವೀಕೃತಿ ಪಡೆಯದೆ ಕಾಗದ ಕೊಡಬೇಡಿ. ಕೊಟ್ಟ ದಿನವನ್ನು ಗೋಡೆಯ ಮೇಲೆ ಬರೆದಿಡಿ. ತೀರ್ಮಾನ ಬಾರದಿದ್ದರೆ ಒಬ್ಬೊಬ್ಬರೇ ಹೋಗುವುದು ಬೇಡ, ಕೂಡಿ ಹೋಗೋಣ. ಕೇಳುತ್ತಿರುವುದು ಭಿಕ್ಷೆಯಲ್ಲ!

ಜೈ ಭೀಮ್.